ಸಂಬಳದ ಬಲಗಾಲು

ನನ್ನ ಮೈದುನನಿಗೆ ಎಲ್ಲರ ಹಾಗೆ ಎರಡೇ ಕಾಲು. ಆದರೆ ಎರಡೂ ಅವನವಲ್ಲ! ಎಡಗಾಲು ನಮ್ಮ ಮನೆಯದು, ಬಲಗಾಲು ಎಸ್ಟೇಟಿನದು. ತಮಾಷೆಗೆ ಹೇಳುತ್ತಿಲ್ಲ, ಬಲಗಾಲಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಸಂಬಳ ತರುವವರಿಗೆ ಯಾವ ಮನೆಯಲ್ಲಾದರೂ ಮರ್ಯಾದೆ ಜಾಸ್ತಿ ತಾನೇ? ನಮ್ಮ ಮನೆಯಲ್ಲಿ ಆ ಮರ್ಯಾದೆಯೆಲ್ಲ ಮೊಣಕಾಲಿನಿಂದ ಕೆಳಗೆ ಸಲ್ಲುತ್ತಿತ್ತು.

ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಹಾನುಬಾಳಿನ ಕಡೆಯ ಅರ್ಧ ಜನ "ಓ, ಅವ್ರಾ!" ಎಂದು ಎದ್ದು ನಿಲ್ಲುತ್ತಾರೆ. ಇನ್ನರ್ಧ ಜನ ಅವನು ಯಾವ ವರ್ಷ ಯಾವ ಗೋಲು ಕಳೆದುಕೊಂಡ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಹೊಡೆದ ಗೋಲನ್ನು ಜನ ಮರೆಯುತ್ತಾರೆ, ತಪ್ಪಿದ್ದನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ.

ಅವನು ನನ್ನ ಜೊತೆ ಆಡಿದ ಮೊದಲ ಮಾತೇ ಕಾಲಿನ ಬಗ್ಗೆ. ತೊಂಬತ್ತರ ದಶಕದ ಮೊದಲಲ್ಲಿ ಆಲೂರಿನ ಕಡೆಯಿಂದ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು. ಸುತ್ತ ಹೆಂಗಸರು. "ಬಲಗಾಲಲ್ಲಿ ಒದಿಯವ್ವ, ಮೆತ್ತಗೆ" ಎಂದರು ಯಾರೋ. ಮೆತ್ತಗೆ ಒದ್ದರೆ ಬೀಳುತ್ತದೋ ಇಲ್ಲವೋ, ಜೋರಾಗಿ ಒದ್ದರೆ ಗಯ್ಯಾಳಿ ಎನ್ನುತ್ತಾರೋ ಏನೋ! ಹೆದರಿಕೊಂಡೇ ಬೆರಳ ತುದಿಯಿಂದ ತಳ್ಳಿದೆ. ಸೇರು ಇದ್ದಲ್ಲೇ ಅಲ್ಲಾಡಿ ಮತ್ತೆ ನೆಟ್ಟಗೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದಾಗ ಒಳಗಿನಿಂದ ಒಂದು ಗಂಡು ದನಿ ಬಂತು.

"ಬೆರಳಲ್ಲಲ್ಲ ಅತ್ಗೆ, ಪಾದದ ಒಳಮಗ್ಗುಲಲ್ಲಿ ಹೊಡೀರಿ!"

ಹೊಡೆದೆ. ಅಕ್ಕಿ ನಡುಮನೆ ದಾಟಿ ಅಡಿಗೆಮನೆ ಬಾಗಿಲ ತನಕ ಹೋಯಿತು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ನಿಂತರೆ ಒಳಗೆ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಅವನೇ ನನ್ನ ಮೈದುನ, ಆಗ ಇಪ್ಪತ್ತೊಂದು ವರ್ಷ.

ಅದೇ ವರ್ಷ ಅವನಿಗೆ ಪಕ್ಕದ ಎಸ್ಟೇಟಿನಲ್ಲಿ ಕೆಲಸವಾಯಿತು. ಆ ಕೆಲಸದ್ದೇ ಒಂದು ಕಥೆ. ನಮ್ಮ ಕಡೆ ಕಾಫಿ ಕೊಯ್ಲು ಮುಗಿದ ಮೇಲೆ ಎಸ್ಟೇಟುಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಸಾಹುಕಾರರಿಗೆಲ್ಲ ಗೆದ್ದವರಿಗೆ ಕೊಡುವ ಕಪ್ಪಿನ ಮೇಲೆ ಕಣ್ಣು. ಕಪ್ಪು ಬೇಕಾದರೆ ಆಟಗಾರರು ಬೇಕು. ಹಾಗೆಂದು ಆಟಕ್ಕೇ ಸಂಬಳ ಕೊಡುತ್ತೇವೆ ಎಂದರೆ ನೋಡಿದವರು ನಗುವುದಿಲ್ಲವೇ? ಅದಕ್ಕೇ ಚೆನ್ನಾಗಿ ಒದೆಯುವವರನ್ನು ಹುಡುಕಿ ರೈಟರ್ ಎಂದು ಸೇರಿಸಿಕೊಳ್ಳುತ್ತಿದ್ದರು. ರೈಟರ್ ಎಂದರೆ ತೋಟದ ಆಳುಗಳ ಹಾಜರಿ ಬರೆಯುವವನು. ನನ್ನ ಮೈದುನನ ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿತ್ತು. ಆದರೆ ಅಕ್ಷರವನ್ನು ಯಾರು ಕೇಳಿದರು? "ಬಲಗಾಲಲ್ಲಿ ಎಷ್ಟು ದೂರ ಹೊಡೀತೀಯಪ್ಪ?" ಇದೊಂದೇ ಪ್ರಶ್ನೆಯಂತೆ ಇಂಟರ್‌ವ್ಯೂನಲ್ಲಿ!

ಒಂದೇ ತೊಡಕು. ಅವನು ಸೀಸನ್ ರೈಟರ್. ಪ್ರತಿ ವರ್ಷ ಪಂದ್ಯ ಮುಗಿದ ಮೇಲೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ. ಸಾಹುಕಾರರು ಬೆನ್ನು ತಟ್ಟಿ, "ಕಪ್ ತಗಂಡು ಬಾರಯ್ಯ, ಅವತ್ತೇ ಪರ್ಮನೆಂಟ್ ಮಾಡ್ತೀನಿ" ಅಂದಿದ್ದರು. ಆ ಒಂದು ಮಾತು ಹನ್ನೆರಡು ವರ್ಷ ನಮ್ಮ ಮನೆಯ ನಿದ್ದೆ ತಿಂದಿತು.

ಅವತ್ತಿನಿಂದ ಬಲಗಾಲಿಗೆ ಮನೆಗೆಲಸ ಬಂದ್! ಗದ್ದೆಗೆ ಇಳಿ ಎಂದರೆ ಬದುವಿನ ಮೇಲೆ ಕೂತು ಎಡಗಾಲನ್ನು ಮಾತ್ರ ಕೆಸರಿಗೆ ಇಳಿಸುತ್ತಿದ್ದ.

"ಜಿಗಣೆ ಹತ್ತಿದ್ರೆ ಏನ್ ಮಾಡದು ಅತ್ಗೆ?"

"ಎಡಗಾಲಿಗೆ ಹತ್ತಿದ್ರೆ ಪರವಾಗಿಲ್ವೇನೋ?"

"ಅದು ನಮ್ದೇ ಅಲ್ವಾ!"

ನಮ್ಮವರು, ಅಂದರೆ ಅವನ ಅಣ್ಣ, ಮಾತು ಕಡಿಮೆಯ ಮನುಷ್ಯ. ಮೆಣಸು ಕೊಯ್ಯುವ ದಿನ ಅವರಿಗೂ ರೇಗಿಹೋಯಿತು. "ಲೇ, ಬಲಗಾಲು ಸಾಹುಕಾರ್ರದೇ ಇರ್ಲಿ ಕಣ್ಲಾ, ನಮ್ ಕಾಲಾದ್ರೂ ಏಣಿ ಹತ್ತಿಸು!" ಎಂದರು. ಇವನು ಗಂಭೀರವಾಗಿ ಯೋಚಿಸಿ, "ಅದೊಂದೇ ಮ್ಯಾಲೆ ಹೋದ್ರೆ ಇನ್ನೊಂದು ಕೆಳಗೆ ಒಬ್ನೇ ಏನ್ ಮಾಡ್ತದಣ್ಣ?" ಎಂದ. ನಮ್ಮವರು ಆಮೇಲೆ ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಬಸ್ಸಿನ ಪ್ರಯಾಣವಂತೂ ಕೇಳಲೇಬೇಡಿ. ಬಿಡುವಿನ ತಿಂಗಳುಗಳಲ್ಲಿ ಹಾಸನ, ಚಿಕ್ಕಮಗಳೂರಿನ ತಂಡಗಳು ಇವನನ್ನು ಬಾಡಿಗೆಗೆ ಕರೆಯುತ್ತಿದ್ದವು. ಬಸ್‌ಚಾರ್ಜು, ಕೈಗಿಷ್ಟು, ಜೊತೆಗೆ ಬಾಡೂಟ. ಇಂಥವರಿಗೆ ಅರೆ ವೃತ್ತಿಪರ ಆಟಗಾರರು ಎನ್ನುತ್ತಾರಂತೆ. ಅರೆ ಎಂದರೆ ಒಂದು ಕಾಲು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಒಮ್ಮೆ ಸಕಲೇಶಪುರದ ಬಸ್ಸಿನಲ್ಲಿ ನಾನೂ ಅವನೂ ಹೊರಟಿದ್ದೆವು. ಬಲಗಾಲು ಕಿಟಕಿಯ ಕಡೆ ಇರಬೇಕು, ಎಡಗಾಲು ಓಣಿಯ ಕಡೆ ಬೇಲಿ ಹಾಕಿದ ಹಾಗೆ ಇರಬೇಕು ಎಂದು ಜಾಗ ಬದಲಿಸಿ ಬದಲಿಸಿ ನನ್ನನ್ನು ಮೂರು ಸಲ ಎಬ್ಬಿಸಿದ. ಯಸಳೂರಿನ ಅಜ್ಜಿಯೊಬ್ಬರು ಗೆಣಸಿನ ಚೀಲ ಇಳಿಸಲು ಬಗ್ಗಿದ್ದಷ್ಟೇ, ಚೀಲ ಇನ್ನೂ ಗಾಳಿಯಲ್ಲಿರುವಾಗಲೇ ಇವನು "ಅಯ್ಯಯ್ಯೋ!" ಎಂದು ಕಿರುಚಿದ. ಡ್ರೈವರ್ ಬ್ರೇಕು ಒತ್ತಿದ. ಬಸ್ಸಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

"ಏನಾಯ್ತ್ರೀ?" ಎಂದು ಕಂಡಕ್ಟರ್ ಓಡಿಬಂದ.

"ಏನೂ ಆಗಿಲ್ಲ. ಆಗ್ತಿತ್ತು" ಎಂದ ಇವನು.

ಇದೇ ನೋಡಿ ಇವನ ಸ್ವಭಾವ. ಆಗಿದ್ದಕ್ಕೆ ಇವನು ಯಾವತ್ತೂ ಅತ್ತವನಲ್ಲ. ಆಗಬಹುದಾದದ್ದಕ್ಕೆಲ್ಲ ಮುಂಗಡವಾಗಿ ಅಳುತ್ತಿದ್ದ! ಚಿಂತೆ ನೆಗಡಿಯ ಹಾಗೆ ಅಂಟುತ್ತದೆ. ನಾಲ್ಕೈದು ವರ್ಷದಲ್ಲಿ ಅವನು ಮನೆಗೆ ಬಂದ ತಕ್ಷಣ ನಾನೂ ಮುಖ ನೋಡುವುದನ್ನು ಬಿಟ್ಟು ಕಾಲು ನೋಡಲು ಕಲಿತೆ.

ದಿನಾ ದೀಪ ಹಚ್ಚುವ ಹೊತ್ತಿಗೆ ಕಾಲಿನ ಸೇವೆ. ಎಣ್ಣೆ ಕಾಯಿಸಿಕೊಡುವುದು ನನ್ನ ಪಾಲಿನ ಕೆಲಸ. ಎಳ್ಳೆಣ್ಣೆಗೆ ಲಕ್ಕಿಸೊಪ್ಪು, ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು ಹಾಕಿ ಕಾಯಿಸಿ ಬಟ್ಟಲಲ್ಲಿ ತಂದಿಟ್ಟರೆ ಅವನು ಜಗಲಿಯಲ್ಲಿ ಕೂತು ಬಲಗಾಲಿಗೆ ನೀವಿಕೊಳ್ಳುತ್ತಿದ್ದ. ಅರ್ಧ ಗಂಟೆ! ಎಡಗಾಲು ಪಕ್ಕದಲ್ಲೇ ಕೆಸರು ಮೆತ್ತಿಕೊಂಡು ಸುಮ್ಮನೆ ನೋಡುತ್ತಿರುತ್ತಿತ್ತು. ನನಗೇ ಕನಿಕರವಾಗಿ, "ಅದಕ್ಕೂ ಒಂದು ತೊಟ್ಟು ಹಚ್ಚೋ ಮಾರಾಯ, ಪಾಪ" ಎಂದರೆ, "ಅದಕ್ಯಾಕೆ ಅತ್ಗೆ? ಅದೇನ್ ದುಡೀತದೆ?" ಎನ್ನುತ್ತಿದ್ದ. ನಾನು ಇನ್ನೂ ರಾತ್ರಿಯ ಅಡಿಗೆ ನೋಡಬೇಕಿರುತ್ತಿತ್ತು, ಹೆಚ್ಚು ವಾದಿಸುತ್ತಿರಲಿಲ್ಲ.

ಇಷ್ಟು ಸಾಕಿದ ಕಾಲು ಕಪ್ಪು ತಂದಿತೇ? ಇಲ್ಲ! ಒಂದು ವರ್ಷ ಸೆಮಿಫೈನಲ್, ಒಂದು ವರ್ಷ ಫೈನಲ್, ಒಂದು ವರ್ಷ ಮೊದಲ ಸುತ್ತಿನಲ್ಲೇ ಮನೆಗೆ. ಪ್ರತಿ ಮಾರ್ಚಿನಲ್ಲೂ ಅವನು ಕೆಲಸ ಹೋಯಿತು ಎಂದು ಮೂರು ದಿನ ಊಟ ಬಿಡುತ್ತಿದ್ದ. ನಾಲ್ಕನೇ ದಿನ ಎಸ್ಟೇಟಿನಿಂದ "ಈ ವರ್ಷಾನೂ ಬಾ" ಎಂದು ಹೇಳಿಕಳಿಸುತ್ತಿದ್ದರು. ಅವನು ಊಟ ಮಾಡುತ್ತಿದ್ದ. ಮಾರನೇ ದಿನದಿಂದ ಮುಂದಿನ ವರ್ಷದ ಚಿಂತೆ.

ಆಟದ ಹುಚ್ಚು ಎಷ್ಟಿತ್ತೆಂದರೆ ಮೈದಾನ ಕೆಸರಾದ ದಿನ ಎಸ್ಟೇಟಿನ ಕಾಫಿ ಕಣವೇ ಇವರ ಮೈದಾನ. ಕಾಫಿ ಒಣಗಿಸುವ ಸಿಮೆಂಟಿನ ದೊಡ್ಡ ಅಂಗಳವದು. ಹನ್ನೊಂದು ಜನಕ್ಕೆ ಸಾಲದು, ಐದೈದು ಜನ ಆಡುತ್ತಿದ್ದರು. ಬೇಸಿಗೆಯಲ್ಲೋ ಮಳೆ ಬಿಟ್ಟಾಗಲೋ ಆಡಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ಒಂದು ವರ್ಷ ಕಾಲಿಗೆ ಅಭ್ಯಾಸ ತಪ್ಪೀತೆಂಬ ಚಿಂತೆ ಎಷ್ಟಾಯಿತೆಂದರೆ, ಡಿಸೆಂಬರಿನಲ್ಲಿ, ಕಣದ ತುಂಬ ಕಾಫಿ ಹರವಿರುವಾಗ, ನಡುವೆ ಉಳಿದಿದ್ದ ಕಿರಿದಾದ ಓಣಿಯಲ್ಲಿ ಇವನು ಚೆಂಡು ಒದೆಯಲು ಶುರುಮಾಡಿದ. ಒಂದು ಕಡೆ ಸಿಪ್ಪೆ ಸಮೇತ ಒಣಗುವ ಕರಿ ಚೆರಿ. ಇನ್ನೊಂದು ಕಡೆ ಸಿಪ್ಪೆ ತೆಗೆದು ತೊಳೆದ ಬಿಳಿ ಪಾರ್ಚ್‌ಮೆಂಟ್. ಇವೆರಡನ್ನು ಬೆರೆಸುವುದು ತೋಟದವರ ಲೆಕ್ಕದಲ್ಲಿ ಮಹಾಪಾಪ. ಇವನು ಒದ್ದ, ಚೆಂಡು ಚೆರಿಯ ಗುಡ್ಡೆಗೆ ಹೋಯಿತು. ಅದನ್ನು ಹಿಡಿಯಲು ಹಾರಿದ ಗೋಲಿ, ಅಂದರೆ ಗೋಲು ಕಾಯುವವನು, ಅರ್ಧ ಗುಡ್ಡೆಯನ್ನು ತಬ್ಬಿಕೊಂಡು ಪಾರ್ಚ್‌ಮೆಂಟಿನ ಮೇಲೆ ಬಿದ್ದ!

ನಾಲ್ಕು ದಿನ ಇವನು ಆಳುಗಳ ಲೈನ್‌ಮನೆಯ ಹೆಂಗಸರ ಜೊತೆ ಕೂತು ಕರಿದು ಬೇರೆ, ಬಿಳಿದು ಬೇರೆ ಹೆಕ್ಕಿದ. ಹೆಂಗಸರು ಬಿಡುತ್ತಾರೆಯೇ? "ರೈಟ್ರೇ, ಗೋಲು ಯಾವ ಕಡೀಗೆ ಬರ್ಕಳನ ಹೇಳಿ, ಚೆರಿಗಾ ಪಾರ್ಚ್‌ಮೆಂಟಿಗಾ?" ಎಂದು ಕೇಳಿ ಕೇಳಿ ಅವನ ಜೀವ ತಿಂದರಂತೆ. ಬಿಸಿಲಲ್ಲಿ ಕೂತು ಹೆಕ್ಕುವಾಗಲೂ ಬಲಗಾಲನ್ನು ಮಾತ್ರ ಛತ್ರಿಯ ನೆರಳಿಗೆ ಚಾಚಿಕೊಂಡಿದ್ದನಂತೆ.

ಎರಡು ಸಾವಿರ ಇಸವಿ ದಾಟಿತು. ಕಾಫಿ ಬೆಲೆ ನೆಲ ಕಚ್ಚಿತು. ಎಸ್ಟೇಟುಗಳಲ್ಲಿ ಜನ ಕಡಿಮೆ ಮಾಡಲು ಶುರುಮಾಡಿದರು. ಹನ್ನೊಂದು ಜನ ಆಟಗಾರರನ್ನು ಸಾಕುವ ಶಕ್ತಿ ಯಾರಿಗೂ ಉಳಿಯಲಿಲ್ಲ. ಆಗ ಪಂದ್ಯದವರು ಒಂದು ಉಪಾಯ ಮಾಡಿದರು. ಇನ್ನು ಮೇಲೆ ತಂಡಕ್ಕೆ ಐದೇ ಜನ, ಆಟ ಸಿಮೆಂಟ್ ಕಣದಲ್ಲಿ. ಬೆಂಗಳೂರಿನಿಂದ ಬಂದ ರೆಫ್ರಿಯೊಬ್ಬರು ಇದಕ್ಕೆ ಫುಟ್ಸಾಲ್ ಎನ್ನುತ್ತಾರೆ, ದೇಶ ದೇಶಗಳಲ್ಲಿ ಆಡುತ್ತಾರೆ ಎಂದರು. ನನ್ನ ಮೈದುನ ಮನೆಗೆ ಬಂದು, "ನೋಡಿ ಅತ್ಗೆ, ನಾವು ಅವತ್ತು ಚೆರಿ ಚೆಲ್ಲಿದ್ದೇ ಈಗ ದೊಡ್ಡ ಆಟ ಆಗ್ಬುಟ್ಟೈತೆ!" ಎಂದು ಕುಣಿದ.

ಹೊಸ ಆಟಕ್ಕೆ ಹೊಸ ಚೆಂಡು. ಸ್ವಲ್ಪ ಸಣ್ಣದು, ಭಾರ, ಎಗರುವುದೇ ಇಲ್ಲ. ಅದು ಎಗರದಂತೆ ಮಾಡಿದ್ದೇ ಅಂತೆ. ಇವನಿಗೆ ಯಾರು ಹೇಳಬೇಕು? ಅಭ್ಯಾಸಕ್ಕೆಂದು ಕೊಟ್ಟ ಚೆಂಡನ್ನು ಒಲೆಯ ಮುಂದೆ ತಂದು, "ಅತ್ಗೆ, ವಸಿ ಒತ್ತಿ ನೋಡಿ, ಗಾಳಿ ಐತಾ?" ಎಂದ. ನಾನು ಹಲಸಿನಹಣ್ಣು ನೋಡುವ ಹಾಗೆ ಒತ್ತಿ, ತಟ್ಟಿ, "ಕಮ್ಮಿ ಅನ್ಸುತ್ತೆ" ಎಂದೆ. ನನ್ನ ಮಾತು ಕೇಳಿ ದಿನಾ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸಿದ. ಹತ್ತು ದಿನ ಮೊಲದ ಹಾಗೆ ನೆಗೆಯುವ ಚೆಂಡಿನಲ್ಲಿ ಅಭ್ಯಾಸ! ಮೊದಲ ಪಂದ್ಯದ ದಿನ ರೆಫ್ರಿ ಆ ಚೆಂಡು ಮುಟ್ಟಿ ನೋಡಿ ಎಲ್ಲರೆದುರು ಪುಸ್ಸೆಂದು ಗಾಳಿ ಬಿಟ್ಟರಂತೆ. "ನನ್ ಜೀವಾನೇ ಹೋದಂಗಾಯ್ತು" ಎಂದು ಬಂದು ಹೇಳಿದ. ಸಲಹೆ ಕೊಟ್ಟವಳು ನಾನು, ಇನ್ನೊಂದು ಮುದ್ದೆ ಬಡಿಸಿದೆ.

ಆದರೂ ಗೆದ್ದರು. ಮುಂದಿನದನ್ನೂ ಗೆದ್ದರು. ಮೂವತ್ಮೂರನೇ ವಯಸ್ಸಿನಲ್ಲಿ ನನ್ನ ಮೈದುನ ಮತ್ತೆ ಫೈನಲ್ಲಿಗೆ ಬಂದ. ಜಾಗ ಚಿಕ್ಕದು, ಓಟ ಕಡಿಮೆ, ಕಣದ ಸಿಮೆಂಟು ಅವನಿಗೆ ಅಂಗೈ ಗೆರೆಯಷ್ಟು ಗೊತ್ತು. ಈ ಸಲ ಕಪ್ಪು ಬಂದೀತು ಎಂದು ಎಸ್ಟೇಟಿನಲ್ಲೆಲ್ಲ ಮಾತು. ಬರದಿದ್ದರೆ ಸೀಸನ್ ರೈಟರುಗಳನ್ನೆಲ್ಲ ಬಿಡುತ್ತಾರೆ ಎಂದೂ ಮಾತು. ಹನ್ನೆರಡು ವರ್ಷದ ಚಿಂತೆ ಒಂದು ಭಾನುವಾರಕ್ಕೆ ಬಂದು ನಿಂತಿತ್ತು.

ಆ ವಾರದ ಸೋಮವಾರ ನಾನು ಎಣ್ಣೆಯ ಬಟ್ಟಲು ಇಡಲು ಹೋದಾಗ ಅವನು ಗಡಿಬಿಡಿಯಿಂದ ಪಂಚೆ ಎಳೆದುಕೊಂಡ. ನನಗೆ ಆಗಲೇ ಕಂಡಿತ್ತು. ಬಲ ಮೊಣಕಾಲು ಗುಂಡು ಬದನೆಕಾಯಿಯಷ್ಟು ಊದಿತ್ತು.

"ಯಾವತ್ತಿಂದ ಹಿಂಗೆ?"

"ಹೋದ್ ವರ್ಷದಿಂದ. ಆಗಾಗ ಮಡಚಿಕೊಂಬುಡ್ತದೆ. ಡಾಕ್ಟ್ರು ಇನ್ ಆಡ್ಬ್ಯಾಡ ಅಂದ್ರು." ಆಮೇಲೆ ದನಿ ತಗ್ಗಿಸಿ, "ಅಣ್ಣಂಗೆ ಹೇಳ್ಬ್ಯಾಡಿ ಅತ್ಗೆ. ಭಾನುವಾರ ಒಂದು ಕಳ್ದೋಗ್ಲಿ" ಎಂದ.

ಬೈಯೋಣವೆಂದುಕೊಂಡೆ. ಆದರೆ ನಾವು ಇಷ್ಟು ವರ್ಷ ನೋಡಿ ನಕ್ಕ ಕಾಲು ಅದು. ಅದಕ್ಕೆ ನಿಜವಾಗಿಯೂ ಏನಾದರೂ ಆದೀತೆಂದು ಅವನೊಬ್ಬನನ್ನು ಬಿಟ್ಟು ನಾವ್ಯಾರೂ ಅಂದುಕೊಂಡಿರಲಿಲ್ಲ. ಆ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮ ಪುಟ್ಟ ಕಣದಲ್ಲಿ ಕೊನೆಯ ಕೊಯ್ಲಿನ ಕಾಫಿಯನ್ನು ಬರಿಗಾಲಿನಲ್ಲಿ ತಿರುವಿ ಹಾಕುತ್ತಾ ಅದೇ ಯೋಚನೆ. ಒಣಗಿದ್ದನ್ನೇ ಮತ್ತೆ ಮತ್ತೆ ತಿರುವುತ್ತಿದ್ದೆನೆಂದು ನಮ್ಮವರು ಹೇಳಿದ ಮೇಲೆ ಗೊತ್ತಾಯಿತು.

ಶುಕ್ರವಾರ ಇನ್ನೊಂದು ಪೇಚು. ಅದು ಹೂಮಳೆಯ ಕಾಲ. ಮಾರ್ಚಿನಲ್ಲಿ ಒಂದು ಮಳೆ ಬಂದರೆ ಕಾಫಿ ಹೂ ಬಿಡುತ್ತದೆ, ಬಾರದಿದ್ದರೆ ವರ್ಷದ ಬೆಳೆಯೇ ಇಲ್ಲ. ಮಳೆಗಾಗಿ ಊರವರೆಲ್ಲ ದೇವರ ಮುಂದೆ ಕೈಮುಗಿದು ನಿಂತಿದ್ದೆವು. ನನ್ನ ಪಕ್ಕದಲ್ಲಿ ಮೈದುನ ಕಣ್ಣು ಮುಚ್ಚಿ ಗೊಣಗುವುದು ಕೇಳಿಸಿತು. "ಸ್ವಾಮಿ, ಸೋಮವಾರ ಬರ್ಲಿ. ಕಣ ಒದ್ದೆಯಾದ್ರೆ ಜಾರ್ತದೆ. ಭಾನುವಾರ ಮಾತ್ರ ಬ್ಯಾಡ ನಮ್ಮಪ್ಪ." ಊರವರಿಗೆ ಕೇಳಿಸಿದ್ದರೆ ಅಲ್ಲೇ ಅವನ ಎರಡೂ ಕಾಲು ಮುರಿಯುತ್ತಿದ್ದರು! ನಾನು ಕೆಮ್ಮಿ ಕೆಮ್ಮಿ ಅವನ ದನಿ ಮುಚ್ಚಿದೆ. ಆಮೇಲೆ, ತಪ್ಪೋ ಸರಿಯೋ, ನಾನೂ ಮನಸ್ಸಿನಲ್ಲಿ ಸೋಮವಾರವೆಂದೇ ಕೇಳಿಕೊಂಡೆ.

ಭಾನುವಾರ ಮೋಡವಿತ್ತು, ಮಳೆ ಬರಲಿಲ್ಲ. ಕಣದ ಸುತ್ತ ಜನ. ನಾನೂ ನಮ್ಮವರೂ ಕಾಫಿ ಸ್ಟೋರಿನ ಗೋಡೆಗೆ ಒರಗಿ ನಿಂತೆವು. ಅವನು ಚೆಂಡು ಮುಟ್ಟಿದಾಗಲೆಲ್ಲ ನನ್ನ ಮೊಣಕಾಲು ನೋಯುತ್ತಿತ್ತು. ಎರಡು–ಎರಡು ಸಮ. ಇನ್ನೇನು ಮುಗಿಯಬೇಕು ಎನ್ನುವಾಗ ಎದುರಾಳಿಯೊಬ್ಬ ಗೋಲಿನ ಮುಂದೆ ಅವನನ್ನು ಕೆಡವಿದ. ಪೆನಾಲ್ಟಿ!

ಹೊಡೆಯುವವನು ಇನ್ಯಾರು? ಸಂಬಳದ ಬಲಗಾಲು! ಅವನು ಎದ್ದು ನಿಂತ. ಒಂದು ಸಲ ನನ್ನ ಕಡೆ ನೋಡಿದ. ಆ ಮುಖ ನೋಡಿ ನನಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು. ಎದುರಾಳಿ ಗೋಲಿ ಬೆಳಗೋಡಿನ ಕಡೆಯವನು, ಹತ್ತು ವರ್ಷದಿಂದ ಈ ಬಲಗಾಲಿನ ಹೊಡೆತ ಬಲ್ಲವನು. ಚೆಂಡು ಯಾವ ಮೂಲೆಗೆ ಬರುತ್ತದೆಂದು ಅವನಿಗೂ ಗೊತ್ತು, ನೋಡುತ್ತಿದ್ದವರಿಗೂ ಗೊತ್ತು.

ಮೈದುನ ಓಡಿಬಂದ. ಚೆಂಡಿಗೆ ಒಂದೇ ಹೆಜ್ಜೆ ಇರುವಾಗ, ಊರಿದ ಬಲ ಮೊಣಕಾಲು ಮಡಚಿಕೊಂಡಿತು. ಮನುಷ್ಯ ಮುಂದಕ್ಕೆ ಕುಸಿದ. ಕುಸಿಯುವ ರಭಸಕ್ಕೆ ಹಿಂದಿದ್ದ ಎಡಗಾಲು ಮುಂದೆ ಬಂತು, ಚೆಂಡಿಗೆ ತಗುಲಿತು. ಹೊಡೆತವೇ ಅಲ್ಲ ಅದು! ಗೋಲಿ ಆಗಲೇ ತನಗೆ ಗೊತ್ತಿದ್ದ ಮೂಲೆಗೆ ಹಾರಿ ಮಲಗಿದ್ದ. ಎಗರದ ಆ ಚೆಂಡು ಇನ್ನೊಂದು ಮೂಲೆಗೆ ಆಮೆಯ ಹಾಗೆ ಉರುಳುತ್ತಾ ಉರುಳುತ್ತಾ ಹೋಯಿತು. ಗೋಲಿ ತೆವಳಿಕೊಂಡು ಕೈ ಚಾಚಿದ. ನಾನು ಕಣ್ಣು ಮುಚ್ಚಿದೆ.

ಜನ ಕಿರುಚಿದ್ದು ಕೇಳಿ ಕಣ್ಣು ಬಿಟ್ಟೆ. ಗೋಲು!

"ಏನ್ ಆಟ ಕಟ್ದ ಮಾರಾಯ! ಬಲಗಾಲು ತೋರ್ಸಿ ಎಡಗಾಲಲ್ಲಿ ಹೊಡ್ದುಬುಟ್ನಲ್ಲ!" ಎಂದು ಪಕ್ಕದವರು ನಮ್ಮವರ ಬೆನ್ನಿಗೆ ಗುದ್ದಿದರು. ನಮ್ಮವರು ಕೂಡ ಬಾಯಿ ತೆರೆದು ನಗುತ್ತಿದ್ದರು. ಸಾಹುಕಾರರು ಅಲ್ಲೇ ಕಣದ ನಡುವೆ ನಿಂತು "ಪರ್ಮನೆಂಟ್ ಕಣಯ್ಯ!" ಎಂದು ಕೂಗಿದರು. ಹುಡುಗರು ಅವನನ್ನು ಹೆಗಲ ಮೇಲೆ ಎತ್ತಿ ಮೆರವಣಿಗೆ ಮಾಡಿದರು. ಎತ್ತದೇ ಇದ್ದಿದ್ದರೆ ಅವನು ಅಲ್ಲಿಂದ ಏಳುತ್ತಲೇ ಇರಲಿಲ್ಲ ಎಂಬುದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಸೋಮವಾರ ಬೆಳಿಗ್ಗೆ ಮಳೆಯೂ ಬಂತು.

ಅವನು ಮತ್ತೆ ಆಡಲಿಲ್ಲ. ಮಾತಿಗೆ ತಪ್ಪದ ಸಾಹುಕಾರರು ಅವನನ್ನು ಸ್ಟೋರಿಗೆ ರೈಟರ್ ಮಾಡಿದರು, ಕೂತು ಮಾಡುವ ಕೆಲಸ. ಆರ್ಡರ್ ಕಾಗದ ಕೈಗೆ ಬಂದ ದಿನ ಸಂಜೆ ಜಗಲಿಯಲ್ಲಿ ಕೂತಿದ್ದ. ನಾನು ಅಭ್ಯಾಸಬಲದಿಂದ ಎಣ್ಣೆ ಕಾಯಿಸಿ ತಂದಿಟ್ಟೆ. ಅವನು ಎಣ್ಣೆ ಅದ್ದಿಕೊಂಡು, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಎಡಗಾಲಿಗೆ ಹಚ್ಚಿದ.

"ಪಾಪ, ಇದು ಇಷ್ಟು ವರ್ಷ ಸಂಬಳ ಇಲ್ದೆ ದುಡೀತು ಅತ್ಗೆ."

ನಾನು ಜೋರಾಗಿ ನಕ್ಕೆ. ಅವನು ನಗಲಿಲ್ಲ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದ.

"ಮಿಕ್ಕಿದ್ದು ನಿಮ್ದು. ಇನ್ ಮ್ಯಾಲೆ ದಿನಾ ನಿಮ್ದೇ."

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಪಾದದ ಕಡೆ ನೋಡುತ್ತಿದ್ದ. ಗದ್ದೆ, ಕಣ, ಅಡಿಗೆಮನೆ ಎಂದು ತಿರುಗಿ ತಿರುಗಿ ಹಿಮ್ಮಡಿಯೆಲ್ಲ ಬಿರುಕು ಬಿಟ್ಟಿತ್ತು. ನಾಚಿಕೆಯಾಗಿ ಸೀರೆಯ ಅಂಚಿನೊಳಗೆ ಎಳೆದುಕೊಂಡೆ.

"ಮುಚ್ಕಬ್ಯಾಡಿ" ಎಂದ. "ಸೇರು ಒದ್ದ ದಿನ ಈ ಹಿಮ್ಮಡಿ ಹಿಂಗಿರ್ಲಿಲ್ಲ ಅತ್ಗೆ. ನಾನು ಕಾಲು ನೋಡೋನಲ್ವಾ, ನಂಗೆ ನೆನಪೈತೆ."

ಎಣ್ಣೆ ತೆಗೆದುಕೊಂಡು ಹಿಮ್ಮಡಿಗೆ ಹಚ್ಚಿಕೊಂಡೆ. ಬಿರುಕಿನೊಳಗೆ ಚುರ್ರೆಂದು ಉರಿಯಿತು. ಕಣ್ಣಲ್ಲಿ ನೀರು ಯಾಕೆ ಎಂದು ಅವನು ಗಾಬರಿಯಿಂದ ಕೇಳಿದ. ಮೆಣಸು ಜಾಸ್ತಿಯಾಗಿದೆ ಎಂದೆ.